ಕಲ್ಲಿನ ಪದರಗಳನ್ನು ವಿಂಗಡಿಸಿ ಹೊಂದಿಸುವುದು ಹೇಗೆ?

ಬಾದಾಮಿಯ ಮೂರನೆಯ ಗುಹಾಲಯದಲ್ಲಿ ಕ್ರಿ.ಶ. 578ರ ಶಾಸನವನ್ನು ನೋಡಿ ಬರುವವರು, ಅಲ್ಲಿನ ಕೆಂಪು ಬಂಡೆಗಳಲ್ಲಿ ಓರೆಯಾಗಿ ಸಾಗುವ ಗೆರೆಗಳನ್ನೂ ಒಂದಿಷ್ಟು ಹೊತ್ತು ನಿಂತು ನೋಡಬೇಕು. ಹರಿಯುವ ನೀರು ಮರಳನ್ನು ತಳ್ಳುತ್ತ ಒಟ್ಟಿದಾಗ ಮೂಡಿದ ಗುರುತುಗಳವು. ಪದರಶಿಲೆಗಳನ್ನು ಓದುವ ಕೆಲಸ ಇಂಥ ಗುರುತುಗಳಿಂದಲೇ ಆರಂಭವಾಗುತ್ತದೆ.

ಹಳ್ಳದ ದಂಡೆ, ಕಲ್ಲುಗಣಿ ಅಥವಾ ರಸ್ತೆಗಾಗಿ ಕಡಿದ ಗುಡ್ಡ, ಹೀಗೆ ಪದರಗಳು ಸ್ಪಷ್ಟವಾಗಿ ಕಾಣುವ ಜಾಗವನ್ನು ಆರಿಸಿಕೊಂಡು, ಕೆಳಗಿನಿಂದ ಮೇಲಕ್ಕೆ ದಾಖಲಿಸುತ್ತ ಹೋಗಬೇಕು. ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು ಎಂಬ ನಿಯಮವನ್ನು ಡೆನ್ಮಾರ್ಕಿನ ವಿಜ್ಞಾನಿ ನಿಕೋಲಸ್ ಸ್ಟೆನೊ 1669ರಲ್ಲೇ ಹೇಳಿದ್ದರು. ಪ್ರತಿ ಪದರದ ಕಲ್ಲಿನ ಬಗೆ, ಕಣಗಳ ಗಾತ್ರ, ದಪ್ಪ ಮತ್ತು ಅಂಚುಗಳ ಸ್ವರೂಪವನ್ನು ಬರೆದುಕೊಳ್ಳಬೇಕು. ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಹನಿ ಬಿದ್ದೊಡನೆ ಜೋರಾಗಿ ನೊರೆ ಬಂದರೆ ಅದು ಸುಣ್ಣಶಿಲೆ. ಪದರಗಳು ವಾಲಿದ್ದರೆ, ನೆಲದ ಮೇಲೆ ಅಳೆದ ಅಗಲವೇ ದಪ್ಪವಾಗುವುದಿಲ್ಲ: 30 ಡಿಗ್ರಿ ವಾಲಿದ ಪದರವೊಂದು ಸಮತಟ್ಟು ನೆಲದಲ್ಲಿ, ವಾಲಿದ ದಿಕ್ಕಿನಲ್ಲಿ 100 ಮೀಟರ್ ಹರಡಿದ್ದರೆ, ಅದರ ನಿಜವಾದ ದಪ್ಪ 50 ಮೀಟರ್ ಮಾತ್ರ.

ಭೂಚಲನೆಯಿಂದ ಪದರಗಳು ತಲೆಕೆಳಗಾಗಿರುವ ಸಾಧ್ಯತೆಯೂ ಇರುವುದರಿಂದ, ಮೇಲು ಯಾವುದು, ಕೆಳಗು ಯಾವುದು ಎಂಬುದನ್ನು ಖಚಿತಪಡಿಸಿಕೊಳ್ಳದೆ ಮುಂದುವರಿಯಬಾರದು. ಕೆಸರು ಒಣಗಿ ಬಿಟ್ಟ ಬಿರುಕುಗಳು ಕೆಳಮುಖವಾಗಿ ಕಿರಿದಾಗುತ್ತವೆ. ಈ ಒಂದು ಗುರುತು ಸಿಕ್ಕರೂ ದೊಡ್ಡ ತಪ್ಪು ತಪ್ಪುತ್ತದೆ.

ಇನ್ನು ವಿಂಗಡಣೆ. ಅಕ್ಕಪಕ್ಕದ ಕಲ್ಲುಗಳಿಗಿಂತ ಸ್ಪಷ್ಟವಾಗಿ ಬೇರೆಯಾಗಿದ್ದು, ನಕ್ಷೆಯಲ್ಲಿ ಗುರುತಿಸಬಹುದಾದ ಘಟಕವನ್ನು ‘ಫಾರ್ಮೇಶನ್’ ಎನ್ನುತ್ತಾರೆ. ಅದರ ಒಳಭಾಗ ‘ಮೆಂಬರ್’. ಹಲವು ಫಾರ್ಮೇಶನ್‌ಗಳು ಸೇರಿದರೆ ‘ಗ್ರೂಪ್’. ಬಾದಾಮಿಯ ಗುಹೆಗಳನ್ನು ಕೊರೆದ ಮರಳುಗಲ್ಲು, ಆ ದೇವಾಲಯಗಳ ನೆನಪಿನಲ್ಲೇ ‘ಕೇವ್ ಟೆಂಪಲ್ ಅರೆನೈಟ್’ ಎಂಬ ಹೆಸರು ಪಡೆದು, ಕೆರೂರು ಫಾರ್ಮೇಶನ್ನಿನ ಒಂದು ಮೆಂಬರ್ ಆಗಿದೆ. ಕೆರೂರಿನ ಮೇಲೆ ಕಟಗೇರಿ ಫಾರ್ಮೇಶನ್ ಇದ್ದು, ಎರಡೂ ಸೇರಿ ಬಾದಾಮಿ ಗ್ರೂಪ್ ಆಗುತ್ತದೆ.

ಬಾದಾಮಿ ಗ್ರೂಪಿನ ಪದರಗಳು ಹೆಚ್ಚುಕಡಿಮೆ ಮಟ್ಟಸವಾಗಿವೆ. ಅದಕ್ಕಿಂತ ಹಳೆಯದಾದ ಬಾಗಲಕೋಟೆ ಗ್ರೂಪಿನ ಪದರಗಳು ಮಡಿಚಿ ವಾಲಿವೆ. ಹಳೆಯ ಪದರಗಳು ಗಟ್ಟಿಯಾಗಿ, ಮಡಿಚಿಕೊಂಡು, ಸವೆದು ಹೋದ ನಂತರವೇ ಹೊಸ ಮರಳು ಅವುಗಳ ಮೇಲೆ ಬಿದ್ದಿದೆ ಎಂದು ಇದರ ಅರ್ಥ. ನಡುವಿನ ಆ ಅಂಚು ಬರಿಯ ಒಂದು ಗೆರೆಯಂತೆ ಕಂಡರೂ ಅಪಾರ ಕಾಲ ಅದರಲ್ಲಿ ಅಡಗಿದೆ. ನನ್ನ ದೃಷ್ಟಿಯಲ್ಲಿ, ಪದರಗಳಷ್ಟೇ ಶ್ರದ್ಧೆಯಿಂದ ದಾಖಲಿಸಬೇಕಾದದ್ದು ಈ ಖಾಲಿ ಕಾಲವನ್ನು.

ಎರಡು ಊರುಗಳ ಪದರಗಳನ್ನು ಹೊಂದಿಸುವ ಹಂತವೇ ಅತಿ ಕಠಿಣ, ಏಕೆಂದರೆ ಒಂದೇ ಬಗೆಯ ಕಲ್ಲು ಎಂದಮಾತ್ರಕ್ಕೆ ಒಂದೇ ಕಾಲದ್ದು ಎನ್ನಲಾಗದು. ಸಮುದ್ರ ನಿಧಾನವಾಗಿ ನೆಲದತ್ತ ನುಗ್ಗುವಾಗ ಮರಳ ದಂಡೆಯೂ ಅದರೊಡನೆ ನೆಲದತ್ತ ಸರಿಯುತ್ತ ಹೋಗುತ್ತದೆ. ಕೊನೆಗೆ ಉಳಿಯುವುದು ಅಖಂಡವಾಗಿ ಕಾಣುವ ಒಂದು ಮರಳುಗಲ್ಲಿನ ಹಾಸು. ಆದರೆ ಅದರ ಕಡಲ ಕಡೆಯ ತುದಿ ಹಳೆಯದು, ನೆಲದ ಕಡೆಯ ತುದಿ ಹೊಸದು. ಆದ್ದರಿಂದ ಕಲ್ಲಿನ ಹೊಂದಿಕೆಯನ್ನೂ ಕಾಲದ ಹೊಂದಿಕೆಯನ್ನೂ ಬೇರೆಬೇರೆಯಾಗಿಯೇ ಮಾಡಬೇಕು.

ಕಾಲಕ್ಕೆ ಪಳೆಯುಳಿಕೆಗಳು ಒಳ್ಳೆಯ ಸಾಕ್ಷಿ. 1815ರಲ್ಲಿ ಇಂಗ್ಲೆಂಡಿನ ಭೂವಿಜ್ಞಾನ ನಕ್ಷೆಯನ್ನು ಪ್ರಕಟಿಸಿದ ವಿಲಿಯಂ ಸ್ಮಿತ್, ನೋಡಲು ಒಂದೇ ತೆರನಾದ ಪದರಗಳನ್ನು ಅವುಗಳೊಳಗಿನ ಪಳೆಯುಳಿಕೆಗಳಿಂದಲೇ ಬೇರ್ಪಡಿಸುತ್ತಿದ್ದರು. ಬಹಳ ದೂರ ಹರಡಿ, ಬೇಗನೆ ಅಳಿದ ಜೀವಿಗಳು ಇದಕ್ಕೆ ಅತ್ಯುತ್ತಮ. ತಮಿಳುನಾಡಿನ ಅರಿಯಲೂರು ಸೀಮೆಯ, ಸುರುಳಿ ಚಿಪ್ಪಿನ ಕಡಲಜೀವಿಗಳಾದ ಅಮೊನೈಟ್‌ಗಳು ಅಂಥವು. ಬಾಗಲಕೋಟೆ ಸೀಮೆಯ ಶಿಲೆಗಳಾದರೋ ಚಿಪ್ಪಿನ ಪ್ರಾಣಿಗಳು ಹುಟ್ಟುವ ಮುಂಚಿನವು. ಅಲ್ಲಿ ಸಿಗುವ ಸ್ಟ್ರೊಮಟೊಲೈಟ್‌ಗಳು, ಅಂದರೆ ಸೂಕ್ಷ್ಮಜೀವಿಗಳ ಹಾಸುಗಳು, ಕೋಟ್ಯಂತರ ವರ್ಷ ರೂಪ ಬದಲಿಸದೆ ಬಾಳಿದ ಕಾರಣ ಕಾಲವನ್ನು ನಿಖರವಾಗಿ ತಿಳಿಸಲಾರವು. ಆಗ ಮರಳಿನೊಳಗಿನ ಜಿರ್ಕಾನ್ ಎಂಬ ಖನಿಜದ ಕಣಗಳಲ್ಲಿ ಯುರೇನಿಯಂ ಎಷ್ಟು ಸೀಸವಾಗಿದೆ ಎಂಬುದನ್ನು ಅಳೆದು, ಕಣಗಳ ವಯಸ್ಸು ಕಂಡುಕೊಳ್ಳುತ್ತಾರೆ. ಅತಿ ಕಿರಿಯ ಕಣದ ವಯಸ್ಸಿಗಿಂತ ಆ ಪದರ ಹಳೆಯದಾಗಿರಲಾರದು. ಎಷ್ಟು ಹೊಸದು ಎಂಬುದನ್ನು ಮಾತ್ರ ಕಣ ಹೇಳದು.

ಕೊನೆಯಲ್ಲಿ ಎಲ್ಲ ಜಾಗಗಳ ಸ್ತಂಭಚಿತ್ರಗಳನ್ನು, ಅಂದರೆ ಪದರಗಳನ್ನು ಕೆಳಗಿನಿಂದ ಮೇಲಕ್ಕೆ ಕಂಬದಂತೆ ತೋರಿಸುವ ಚಿತ್ರಗಳನ್ನು, ಒಂದೇ ಅಳತೆಯಲ್ಲಿ ಪಕ್ಕಪಕ್ಕ ಬರೆದು, ಸಮಾನ ಪದರಗಳನ್ನು ಗೆರೆಗಳಿಂದ ಜೋಡಿಸಬೇಕು. ಪುರಾವೆ ಇರುವಲ್ಲಿ ಗೆರೆಯನ್ನು ಅಖಂಡವಾಗಿ ಎಳೆಯಬೇಕು. ಊಹೆಯಾಗಿದ್ದಲ್ಲಿ ತುಂಡುಗೆರೆ ಎಳೆದು, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಬೇಕು.