ಪ್ಲಾಸ್ಟರಿಂಗಿಗೆ ಮುಂಚೆ ಒಂದು ಪೈಪು

ಟಿ.ವಿ.ಗೆ ಚಿತ್ರ, ಶಬ್ದ ಎರಡನ್ನೂ ಒಯ್ಯುವ ಎಚ್‌ಡಿಎಂಐ ಕೇಬಲ್ಲಿನ ತಲೆ ಸುಮಾರು 20 ಮಿ.ಮೀ. ಅಗಲ. ಕರೆಂಟಿಗೆ ಹಾಕುವ 25 ಎಂಎಂ ಪೈಪಿನಲ್ಲಿ ನೇರಕ್ಕೆ ಹೋದರೂ ಬೆಂಡ್ ಹತ್ತಿರ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಟಿ.ವಿ. ಗೋಡೆಗೆ 40 ಎಂಎಂ ಪಿವಿಸಿ ಹಾಕಿಸಿದೆ, ಎಲ್ಬೋ ಬೇಡವೆಂದು ಉದ್ದ ಬೆಂಡ್ ಕೊಡಿಸಿದೆ. ಎಲೆಕ್ಟ್ರಿಷಿಯನ್ನರು ಕರೆಂಟ್ ಪೈಪಿನಲ್ಲೇ ತೂರಿಸೋಣ ಅನ್ನುತ್ತಾರೆ, ಒಪ್ಪಬೇಡಿ. ಎರಡಕ್ಕೂ ಒಂದಡಿ ಅಂತರ ಇರಲಿ. ಕೇಬಲ್ ಎಳೆಯುವಾಗ ದಾರವನ್ನು ಕನೆಕ್ಟರಿಗೆ ಕಟ್ಟದೆ ಅರ್ಧ ಅಡಿ ಹಿಂದೆ ಕಟ್ಟಿ, ತಲೆಗೆ ಟೇಪ್ ಸುತ್ತಿ. ಜೊತೆಗೆ ಇನ್ನೊಂದು ನೈಲಾನ್ ದಾರವೂ ಒಳಗೆ ಹೋಗಲಿ, ಮುಂದಿನ ಕೇಬಲ್ಲಿಗೆ ಬೇಕಾಗುತ್ತದೆ.

4ಕೆಗೆ ತಾಮ್ರದ ಎಚ್‌ಡಿಎಂಐಯನ್ನು 5 ಮೀಟರ್‌ವರೆಗೆ ನಂಬಬಹುದು. ಅದರಾಚೆ ಪರದೆಯ ಮೇಲೆ ಬಿಳಿ ಚುಕ್ಕಿ ಮಿಂಚುತ್ತವೆ, ಇಲ್ಲವೇ ಎರಡು ಸೆಕೆಂಡ್ ಕಪ್ಪಾಗಿ ಮತ್ತೆ ಬರುತ್ತದೆ. ನನಗೆ 10 ಮೀಟರ್ ಬೇಕಿತ್ತು, ಫೈಬರ್ ಎಚ್‌ಡಿಎಂಐ ತಂದೆ. ಇದಕ್ಕೆ ದಿಕ್ಕು ಇದೆ: ಒಂದು ತುದಿಗೆ 'ಸೋರ್ಸ್', ಇನ್ನೊಂದಕ್ಕೆ 'ಡಿಸ್‌ಪ್ಲೇ' ಎಂದು ಬರೆದಿರುತ್ತದೆ. ತಿರುಗಾಮುರುಗಾ ಆದರೆ ಚಿತ್ರವೇ ಇಲ್ಲ. ಗೋಡೆಯೊಳಗೆ ಬಿಡುವ ಮುಂಚೆ ನೆಲದ ಮೇಲೇ ಹಾಸಿ ಒಂದು ಗಂಟೆ ಓಡಿಸಿ ನೋಡಿಬಿಡಿ.

ಕೂರುವ ಜಾಗದ ಹಿಂದೆ ಇಡುವ ಸ್ಪೀಕರಿಗೆ ವೈರ್‌ಲೆಸ್ ಸುಲಭ ಅನ್ನಿಸುತ್ತದೆ. ಆದರೆ ಬ್ಯಾಟರಿ ಇಲ್ಲದ್ದಾದರೆ ಅಲ್ಲೂ ಪ್ಲಗ್ ಪಾಯಿಂಟ್ ಬೇಕು! ಹೇಗೂ ಗೋಡೆ ಕೊರೆಯುವುದಾದರೆ 16 ಗೇಜ್ ಸ್ಪೀಕರ್ ವೈರನ್ನೇ ಎಳೆಯಿರಿ. 8 ಓಮ್ ಸ್ಪೀಕರಿಗೆ 12 ಮೀಟರ್ ದೂರಕ್ಕೂ ಸಾಕು. ಕೊಳ್ಳುವಾಗ ಎಳೆಯೊಂದನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗಿದ್ದರೆ ಅದು ತಾಮ್ರ ಬಳಿದ ಅಲ್ಯೂಮಿನಿಯಂ.

ಇಂಟರ್ನೆಟ್ಟಿಗೆ ಮಾತ್ರ ನಾನು ವೈರಿನ ಪಕ್ಷಪಾತಿಯಲ್ಲ. ಬಹಳಷ್ಟು ಟಿ.ವಿ.ಗಳಲ್ಲಿ ಇಂಟರ್ನೆಟ್ ವೈರ್ ಸಿಕ್ಕಿಸುವ ಈಥರ್ನೆಟ್ ಪೋರ್ಟ್ 100 ಎಂಬಿಪಿಎಸ್‌ಗೇ ನಿಲ್ಲುತ್ತದೆ. ಒಟಿಟಿಯ 4ಕೆಗೆ 25 ಇದ್ದರೆ ಧಾರಾಳ. ಮನೆಯ ಸರ್ವರಿನಿಂದ 4ಕೆ ಬ್ಲೂರೇ ಫೈಲ್ ಓಡಿಸಿದರೆ ಕೆಲವು ದೃಶ್ಯಗಳಲ್ಲಿ 100 ಸಾಲದೆ ನಿಂತು ನಿಂತು ಬರುತ್ತದೆ. ರೌಟರ್ ಅದೇ ಕೋಣೆಯಲ್ಲಿದ್ದರೆ ಆಗ 5 ಗಿಗಾಹರ್ಟ್ಸ್ ವೈಫೈಯೇ ವಾಸಿ. ನಡುವೆ ಕಾಂಕ್ರೀಟ್ ಗೋಡೆ ಬಂದರೆ ಆ ಮಾತಿಲ್ಲ.

ಸೌಂಡ್‌ಬಾರನ್ನು ಬ್ಲೂಟೂತ್‌ಗೆ ಸೇರಿಸಿದರೆ ಎಷ್ಟೋ ಸಲ ಶಬ್ದ ಸೆಕೆಂಡಿನ ಐದನೇ ಒಂದು ಭಾಗದಷ್ಟು ತಡ. ಸಿನಿಮಾದಲ್ಲಿ ಟಿ.ವಿ. ಸರಿದೂಗಿಸಬಹುದು, ಗೇಮಿನಲ್ಲಿ ಆಗದು. ಟಿ.ವಿ.ಯ ಶಬ್ದವನ್ನು ಸೌಂಡ್‌ಬಾರಿಗೆ ಕಳಿಸುವ, 'ಎಆರ್‌ಸಿ' ಎಂದು ಬರೆದಿರುವ ಎಚ್‌ಡಿಎಂಐ ಪೋರ್ಟಿಗೇ ಹಾಕಿ. ಆಮೇಲೂ ಶಬ್ದ ಬರದಿದ್ದರೆ ಕೇಬಲ್ ಬದಲಿಸುವ ಮುಂಚೆ ಸೆಟ್ಟಿಂಗ್ಸಿನಲ್ಲಿ ಸಿಇಸಿ (ಎಚ್‌ಡಿಎಂಐಯಲ್ಲಿ ಜೋಡಿಸಿದ ಉಪಕರಣಗಳು ಒಂದನ್ನೊಂದು ನಿಯಂತ್ರಿಸುವ ವ್ಯವಸ್ಥೆ) ಆನ್ ಇದೆಯೇ ನೋಡಿ.