ಸಮುದ್ರದಲ್ಲಿ ಯಾವ ದೋಣಿ ದಾರಿ ಬಿಡಬೇಕು?

ಶಿರಾಡಿ ಘಾಟಿಯಲ್ಲಿ ಎಡಕ್ಕೆ ಸರಿಯುವ ರೂಢಿಯಿರುವ ಸಕಲೇಶಪುರದವರು ಮಂಗಳೂರಿಗಿಳಿದು ದೋಣಿಯ ಚುಕ್ಕಾಣಿ ಹಿಡಿಯುವುದಾದರೆ, ಆ ರೂಢಿಯನ್ನು ದಡದಲ್ಲೇ ಬಿಡಬೇಕು. 1972ರ ಅಂತರರಾಷ್ಟ್ರೀಯ ನಿಯಮಗಳ ಪ್ರಕಾರ, ಎದುರುಬದುರಾದ ಎರಡು ಯಂತ್ರದೋಣಿಗಳೂ ಬಲಕ್ಕೆ ತಿರುಗಿ, ಪರಸ್ಪರ ಎಡಬದಿಯಿಂದ ಹಾದುಹೋಗಬೇಕು.

ಹೆಚ್ಚು ಗೊಂದಲ ಹುಟ್ಟುವುದು ದಾರಿಗಳು ಅಡ್ಡಹಾಯುವಾಗ. ನಿಮ್ಮ ಬಲಬದಿಯಿಂದ ಇನ್ನೊಂದು ಯಂತ್ರದೋಣಿ ಅಡ್ಡ ಬರುತ್ತಿದ್ದರೆ ದಾರಿ ಬಿಡಬೇಕಾದವರು ನೀವು. ಸಾಧ್ಯವಿದ್ದಷ್ಟೂ ಅದರ ಮುಂದಿನಿಂದ ದಾಟದೆ, ವೇಗ ತಗ್ಗಿಸಿ ಅಥವಾ ಬಲಕ್ಕೆ ತಿರುಗಿ ಹಿಂದಿನಿಂದ ಹೋಗಬೇಕು. ರಾತ್ರಿ ದೋಣಿಯ ಎಡಬದಿಯಲ್ಲಿ ಕೆಂಪು, ಬಲಬದಿಯಲ್ಲಿ ಹಸಿರು ದೀಪವಿರುವುದರಿಂದ, ಹೀಗೆ ಅಡ್ಡ ಬರುವ ದೋಣಿ ನಿಮಗೆ ತನ್ನ ಕೆಂಪು ದೀಪವನ್ನೇ ತೋರುತ್ತದೆ. ನೆನಪಿಗೆ ಇದಕ್ಕಿಂತ ಸುಲಭದ ಗುರುತು ಬೇಡ. ಇನ್ನೊಂದು ದೋಣಿ ತನ್ನ ದಿಕ್ಕು, ವೇಗಗಳನ್ನು ಬದಲಿಸಬಾರದು. ಆದರೆ ನೀವು ದಾರಿ ಬಿಡದಿರುವುದು ಕಂಡರೆ ಅದೂ ತಪ್ಪಿಸಿಕೊಳ್ಳಲು ಕ್ರಮ ಕೈಗೊಳ್ಳಬಹುದು.

ಡಿಕ್ಕಿಯ ಅಪಾಯವನ್ನು ದಿಕ್ಸೂಚಿಯಿಂದ ಅಳೆಯಿರಿ: ದೂರ ಕುಗ್ಗುತ್ತಿದ್ದರೂ ಎದುರಿನ ದೋಣಿ ಕಾಣುವ ಕೋನ ಬದಲಾಗದಿದ್ದರೆ, ಅಪಾಯವಿದೆಯೆಂದೇ ತಿಳಿಯಬೇಕು.

ಹಿಂದಿಕ್ಕುವ ದೋಣಿ, ಅದು ಹಾಯಿದೋಣಿಯಾದರೂ, ಮುಂದಿನದರಿಂದ ದೂರ ಸರಿಯಬೇಕು. ಉಳಿದಂತೆ ಯಂತ್ರದೋಣಿಯು ಹಾಯಿದೋಣಿಗೂ, ಬಲೆ ಎಳೆಯುತ್ತಿರುವ ಮೀನುಗಾರಿಕೆಯ ದೋಣಿಗೂ ದಾರಿ ಬಿಡುತ್ತದೆ. ಎದುರಿನವರ ಉದ್ದೇಶ ತಿಳಿಯದಿದ್ದರೆ ಕನಿಷ್ಠ ಐದು ಬಾರಿ ಚುಟುಕಾಗಿ, ಬೇಗಬೇಗನೆ ಸೀಟಿ ಊದಿರಿ.