ಆರು ಟನ್ ಮಣ್ಣು ಮತ್ತು ನಮ್ಮ ಚಕ್ಕೋತದ ಮರ

ದೇವನಹಳ್ಳಿಯ ಮನೆ ಮಾರಿ ಹಾಸನಕ್ಕೆ ಹೋಗುವುದು ಅಂತ ತೀರ್ಮಾನವಾದಾಗ ಅಮ್ಮ ಕೇಳಿದ್ದು ಒಂದೇ ಮಾತು: "ಚಕ್ಕೋತದ ಮರ ಏನು ಮಾಡ್ತೀಯೋ?"

ಅಪ್ಪ ನೆಟ್ಟು ಮೂವತ್ತು ವರ್ಷವಾಗಿತ್ತು. ನಮ್ಮೂರ ಚಕ್ಕೋತ ಗೊತ್ತಲ್ವಾ, ಕೆಂಪು ತೊಳೆಯ, ಜಿಐ ಟ್ಯಾಗ್ (ಇದು ಈ ಊರಿನದೇ ಅನ್ನುವ ಸರ್ಕಾರಿ ಗುರುತು) ಸಿಕ್ಕಿರುವ ಹಣ್ಣು. 2008ರಲ್ಲಿ ವಿಮಾನ ನಿಲ್ದಾಣ ಶುರುವಾಯಿತು, ಸುತ್ತಲಿನ ತೋಟಗಳು ಸೈಟುಗಳಾದವು. ಹಾಗಾಗಿ ಮರ ಬಿಟ್ಟು ಹೋಗಲು ನನಗೂ ಮನಸ್ಸಿರಲಿಲ್ಲ. ಕ್ರೇನ್ ತರಿಸಿದರಾಯಿತು ಅಂದುಕೊಂಡಿದ್ದೆ.

ಆಮೇಲೆ ಟೇಪ್ ಹಿಡಿದು ಅಳೆದೆ. ಕಾಂಡದ ಸುತ್ತಳತೆ 82 ಸೆಂ.ಮೀ., ಅಂದರೆ ಅಡ್ಡಳತೆ 26. ಬೇರಿನ ಹೆಂಟೆ, ಅಂದರೆ ಮರದ ಜೊತೆ ಎತ್ತಬೇಕಾದ ಬೇರು-ಮಣ್ಣಿನ ಗಡ್ಡೆ, ಕಾಂಡದ ಅಡ್ಡಳತೆಯ ಹತ್ತು ಪಟ್ಟಾದರೂ ಅಗಲ ಇರಬೇಕು. ಇಲ್ಲಿ ಅದು 2.6 ಮೀಟರ್. ಮುಕ್ಕಾಲು ಮೀಟರ್ ಆಳ ಹಿಡಿದರೂ ನಾಲ್ಕು ಘನ ಮೀಟರ್ ಮಣ್ಣು, ತೂಕ ಆರು ಟನ್‌ಗೆ ಕಮ್ಮಿಯಿಲ್ಲ. ಲಾರಿಯ ಬಾಡಿಯೊಳಗೆ ಅಷ್ಟಗಲ ಕೂರುವುದೇ ಇಲ್ಲ. ಅದೂ ಅಲ್ಲದೆ ಮರದಿಂದ ಮೂರೇ ಅಡಿಗೆ ನೀರಿನ ಸಂಪು. ಆ ಕಡೆ ಅಗೆದರೆ ಮೊದಲು ಸಿಗುವುದು ಕಾಂಕ್ರೀಟು.

ಬೇರು ಕತ್ತರಿಸಿ ತಯಾರಿ ಮಾಡುವುದಕ್ಕೂ ಸಮಯ ಬೇಕು. ಈಗ ಅರ್ಧ ಸುತ್ತು ಕಂದಕ ತೋಡಿ, ಹೊಸ ಬೇರು ಬಂದ ಮೇಲೆ ಇನ್ನರ್ಧ. ನನ್ನ ಕೈಯಲ್ಲಿದ್ದದ್ದು ಜೂನ್‌ನಿಂದ ದೀಪಾವಳಿವರೆಗೆ ಮಾತ್ರ. ಆಸೆ ಕೈಬಿಟ್ಟೆ.

"ಬೀಜ ಹಾಕೋಣ ಬಿಡು" ಅಂದಳು ಅಮ್ಮ. ಚಕ್ಕೋತಕ್ಕೆ ಅದು ಆಗದ ಮಾತು. ಬೀಜದ ಗಿಡ ತಾಯಿಯ ಹಾಗೇ ಇರುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಏಳೆಂಟು ವರ್ಷ ಕಾದು ಕಹಿ ಹಣ್ಣು ತಿನ್ನುವುದು ಯಾರಿಗೆ ಬೇಕು? ಉಳಿದದ್ದು ಗೂಟಿ, ಅಂದರೆ ಕೊಂಬೆ ಮರದಲ್ಲಿರುವಾಗಲೇ ಅದಕ್ಕೆ ಬೇರು ಬರಿಸಿ ಆಮೇಲೆ ಕತ್ತರಿಸಿಕೊಳ್ಳುವುದು.

ಮಳೆ ಹಿಡಿದ ಮೇಲೆ ಪೆನ್ಸಿಲ್ ದಪ್ಪದ ಐದು ಕೊಂಬೆ ಆರಿಸಿದೆ. ಒಂದು ಇಂಚು ಅಗಲಕ್ಕೆ ಸುತ್ತಲೂ ತೊಗಟೆ ಬಿಡಿಸಿ, ಕೆಳಗಿನ ಜಾರು ಪದರವನ್ನೂ ಚಾಕುವಿನಿಂದ ಹೆರೆದು, ಮೇಲಂಚಿಗೆ ಬೇರು ಬರಿಸುವ ಪುಡಿ ಸವರಿದೆ. ನೆನೆಸಿದ ತೆಂಗಿನ ನಾರಿನ ಪುಡಿಯನ್ನು ಹನಿ ತೊಟ್ಟಿಕ್ಕದಷ್ಟು ಹಿಂಡಿ, ಮುಷ್ಟಿಯಷ್ಟು ಸುತ್ತ ಮೆತ್ತಿ, ಪ್ಲಾಸ್ಟಿಕ್ ಹಾಳೆ ಸುತ್ತಿ ಎರಡೂ ತುದಿ ಬಿಗಿಯಾಗಿ ಕಟ್ಟಿದೆ. ಬಣ್ಣವಿಲ್ಲದ ಹಾಳೆಯೇ ಒಳ್ಳೆಯದು. ಬಿಚ್ಚದೆ ಬೇರು ನೋಡಬಹುದು.

ಎರಡು ಕೆಟ್ಟವು. ಒಂದರಲ್ಲಿ ನಾನು ಸರಿಯಾಗಿ ಹೆರೆದಿರಲಿಲ್ಲ, ತೊಗಟೆ ಮತ್ತೆ ಕೂಡಿಕೊಂಡು ಬೇರೇ ಬರಲಿಲ್ಲ. ಇನ್ನೊಂದಕ್ಕೆ ಇರುವೆ ನುಗ್ಗಿ ಸಂಸಾರ ಹೂಡಿತ್ತು. ಉಳಿದ ಮೂರರಲ್ಲಿ ಎರಡು ತಿಂಗಳಿಗೆ ಹಾಳೆಯ ಒಳಗೆ ಶಾವಿಗೆ ಹಾಗೆ ಬಿಳಿ ಬೇರು. ಬೇರಿನ ಕೆಳಗೆ ಕತ್ತರಿಸಿ, ಅರ್ಧ ಎಲೆ ತೆಗೆದು, ಚೀಲಕ್ಕೆ ಹಾಕಿ ನೆರಳಲ್ಲಿಟ್ಟೆ. ಬಿಸಿಲಿಗೆ ಆತುರ ಪಡಬಾರದು.

ಒಂದನ್ನು ಮನೆ ಕೊಂಡವರ ಕೈಗೆ ಕೊಟ್ಟೆ. ಮರ ಇರುವ ಜಾಗದಲ್ಲಿ ಕಾರು ನಿಲ್ಲಿಸುತ್ತೇವೆ ಅಂದಿದ್ದರು.

ಎರಡು ನಮ್ಮ ಜೊತೆ ಕಾರಿನ ಹಿಂದಿನ ಸೀಟಿನಲ್ಲಿ ಹಾಸನಕ್ಕೆ ಬಂದವು. ಗುಂಡಿ ತೆಗೆಯುವ ಮೊದಲು ಸಂಪಿನಿಂದ ಹದಿನೈದು ಅಡಿ ಅಳೆದೆ. ಟೇಪಿನ ಇನ್ನೊಂದು ತುದಿ ಅಮ್ಮ ಹಿಡಿದಿದ್ದಳು.